ಮೊದಲು ಹಕ್ಕು, ಆಮೇಲೆ ದರ: ಸೈಟು-ಮನೆಯ ಮೌಲ್ಯಮಾಪನ ಮಾಡುವ ಬಗೆ

ಮೌಲ್ಯಮಾಪನ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೊನೆಯ ಪುಟದ ಮೊತ್ತಕ್ಕೆ. ಆದರೆ ವರದಿ ಕೆಡುವುದು ಮೊದಲ ಎರಡು ಪುಟಗಳಲ್ಲಿ. ಯಾವ ಹಕ್ಕಿಗೆ ಬೆಲೆ ಕಟ್ಟುತ್ತಿದ್ದೇವೆ, ಯಾವ ತಾರೀಖಿಗೆ, ಯಾರಿಗಾಗಿ, ಯಾವ ಉದ್ದೇಶಕ್ಕೆ ಎಂಬುದು ಅಲ್ಲಿ ಸರಿಯಾಗಿ ಇಲ್ಲದಿದ್ದರೆ ಚದರಡಿ ದರ ಎಷ್ಟೇ ನಿಖರವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಸೈಟುಗಳು ಬೇರೆ ಬೇರೆ ಬೆಲೆಗೆ ಹೋಗುತ್ತವೆ. ಮಣ್ಣು ಒಂದೇ, ಹಕ್ಕು ಬೇರೆ.

ಈ ಕೆಲಸಕ್ಕೆ ಹೊಸದಾಗಿ ಇಳಿದಿರುವ ಸಿವಿಲ್ ಎಂಜಿನಿಯರುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಸಾಲಕ್ಕೋ ಮಾರಾಟಕ್ಕೋ ವರದಿ ಮಾಡಿಸುವ ಮಾಲೀಕರಿಗೂ ತಮ್ಮ ಕೈಗೆ ಬಂದ ವರದಿಯಲ್ಲಿ ಏನು ಹುಡುಕಬೇಕೆಂದು ಇದರಿಂದ ತಿಳಿಯುತ್ತದೆ.

ಕೆಲಸ ಒಪ್ಪಿಕೊಳ್ಳುವ ಮುನ್ನ

2013ರ ಕಂಪನಿ ಕಾಯ್ದೆಯ 247ನೇ ಕಲಂ ಮತ್ತು 2017ರ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಈ ವೃತ್ತಿಗೆ ಚೌಕಟ್ಟು ಹಾಕಿವೆ. ಭಾರತೀಯ ದಿವಾಳಿತನ ಮತ್ತು ದಿವಾಳಿ ಮಂಡಳಿ (ಐಬಿಬಿಐ) ಇದರ ಪ್ರಾಧಿಕಾರ. ‘ಭೂಮಿ ಮತ್ತು ಕಟ್ಟಡ’ ವಿಭಾಗದಲ್ಲಿ ನೋಂದಣಿಯಾಗಲು ಸಿವಿಲ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿ ಇದ್ದರೆ 5 ವರ್ಷದ ಅನುಭವ ಬೇಕು, ಸ್ನಾತಕೋತ್ತರ ಪದವಿ ಇದ್ದರೆ 3 ವರ್ಷ ಸಾಕು. ಜೊತೆಗೆ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯತ್ವ, ಅಲ್ಲಿನ ತರಬೇತಿ, ಕೊನೆಗೆ ಪರೀಕ್ಷೆ. ಬ್ಯಾಂಕಿನ ಪ್ಯಾನೆಲ್ ಬೇರೆ, ಕಂಪನಿ ಕಾಯ್ದೆಯ ನೋಂದಣಿ ಬೇರೆ. ಯಾವ ಉದ್ದೇಶಕ್ಕೆ ಯಾವ ಅರ್ಹತೆ ಬೇಕೆಂದು ಕೇಳದೆ ವರದಿ ಬರೆದುಕೊಟ್ಟರೆ, ಅದು ತಿರಸ್ಕೃತವಾದಾಗ ಮಾಲೀಕರ ಹಣವೂ ಸಮಯವೂ ಹಾಳು.

ಹಿತಾಸಕ್ತಿಯ ನಿಯಮ ಖಚಿತವಾಗಿದೆ. ನೇಮಕವಾಗುವ ಹಿಂದಿನ ಮೂರು ವರ್ಷಗಳಲ್ಲಾಗಲಿ, ಮೌಲ್ಯಮಾಪನ ಮಾಡಿದ ಮುಂದಿನ ಮೂರು ವರ್ಷಗಳಲ್ಲಾಗಲಿ ಆ ಆಸ್ತಿಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ನಿಮಗೆ ಹಿತಾಸಕ್ತಿ ಇರಕೂಡದು. ಇವತ್ತು ವರದಿ ಕೊಟ್ಟ ಸೈಟನ್ನು ಮುಂದಿನ ವರ್ಷ ಬಾಮೈದನ ಹೆಸರಲ್ಲಿ ಕೊಳ್ಳುವುದು ಈ ಗೆರೆಯನ್ನು ದಾಟಿದ ಹಾಗೆಯೇ. ಶುಲ್ಕವನ್ನು ಮೊತ್ತಕ್ಕೋ ಸಾಲ ಮಂಜೂರಾತಿಗೋ ಕಟ್ಟಿಹಾಕುವುದಕ್ಕೆ ನೀತಿ ಸಂಹಿತೆಯಲ್ಲಿ ಅವಕಾಶವಿಲ್ಲ. ‘ಸಾಲ ಆದಮೇಲೆ ನೋಡ್ಕೊಳ್ಳೋಣ ಸಾರ್’ ಎನ್ನುವವರಿಗೆ ಅಲ್ಲೇ, ವಿನಯದಿಂದ, ಆಗುವುದಿಲ್ಲ ಎನ್ನಿ. ಮೊತ್ತವನ್ನು ಮೊದಲೇ ಹೇಳಿ ಅದಕ್ಕೆ ತಕ್ಕಂತೆ ವರದಿ ಬರೆಸುವ ಒತ್ತಡ ಈ ವೃತ್ತಿಗೆ ಅಂಟಿಕೊಂಡಿರುವ ದೊಡ್ಡ ಪಿಡುಗು. ಅದಕ್ಕೆ ಮಣಿದ ವರದಿಯಿಂದ ಕೊನೆಗೆ ಪೆಟ್ಟು ತಿನ್ನುವುದು, ಹೆಚ್ಚು ಸಾಲ ಹೊತ್ತುಕೊಂಡ ಕುಟುಂಬ.

ಕೆಲಸ ಒಪ್ಪಿದ ಮೇಲೆ ಒಂದು ಪುಟದ ನೇಮಕ ಪತ್ರ ಮಾಡಿಕೊಳ್ಳಿ. ಆಸ್ತಿಯ ಗುರುತು, ಉದ್ದೇಶ, ಮೌಲ್ಯದ ಆಧಾರ, ಮೌಲ್ಯಮಾಪನದ ದಿನಾಂಕ, ವರದಿಯನ್ನು ಯಾರು ಬಳಸಬಹುದು, ಶುಲ್ಕ ಎಷ್ಟು ಎಂಬುದು ಅದರಲ್ಲಿರಲಿ. ಸಾಲಕ್ಕೆಂದು ಬರೆದ ವರದಿಯನ್ನು ಅಣ್ಣತಮ್ಮಂದಿರ ವಿಭಾಗಕ್ಕೆ ಬಳಸಿ ಕೋರ್ಟಿಗೆ ಎಳೆಯುವುದು ಉಂಟು. ಬಳಕೆಯ ಮಿತಿಯನ್ನು ಬರೆದಿಟ್ಟಿದ್ದರೆ ಆ ತೊಂದರೆ ಇರುವುದಿಲ್ಲ.

ಯಾವ ಮೌಲ್ಯ?

ಮಾರುಕಟ್ಟೆ ಮೌಲ್ಯ ಎಂಬುದಕ್ಕೆ ಅಂತರರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳಲ್ಲಿ ಖಚಿತ ಅರ್ಥವಿದೆ. ಈಗಿನ ಆವೃತ್ತಿ 2025ರ ಜನವರಿ 31ರಿಂದ ಜಾರಿಯಲ್ಲಿದೆ. ಕೊಳ್ಳುವ ಮನಸ್ಸಿರುವವರು, ಮಾರುವ ಮನಸ್ಸಿರುವವರು, ಇಬ್ಬರ ನಡುವೆ ವಿಶೇಷ ನಂಟು ಇಲ್ಲ, ಆಸ್ತಿ ಮಾರಾಟಕ್ಕಿದೆ ಎಂದು ನಾಲ್ಕು ಜನರಿಗೆ ತಿಳಿಯುವಷ್ಟು ಸಮಯ ಸಿಕ್ಕಿದೆ, ಇಬ್ಬರೂ ವಿಷಯ ತಿಳಿದು ವಿವೇಕದಿಂದ ನಡೆದುಕೊಂಡಿದ್ದಾರೆ, ಯಾರ ಮೇಲೂ ಬಲವಂತವಿಲ್ಲ. ಇಂಥ ಸಂದರ್ಭದಲ್ಲಿ, ಮೌಲ್ಯಮಾಪನದ ದಿನ, ಆಸ್ತಿ ಕೈಬದಲಾಗಬಹುದಾದ ಅಂದಾಜು ಮೊತ್ತವೇ ಮಾರುಕಟ್ಟೆ ಮೌಲ್ಯ. ಮಗಳ ಮದುವೆಗೆಂದು ಹದಿನೈದು ದಿನದಲ್ಲಿ ಮಾರಿದ ಬೆಲೆ ಇದರೊಳಗೆ ಬರುವುದಿಲ್ಲ. ಪಕ್ಕದ ಸೈಟಿನವರು ತಮ್ಮ ಜಾಗಕ್ಕೆ ಸೇರಿಸಿಕೊಳ್ಳಲೇಬೇಕೆಂದು ಹೆಚ್ಚು ಕೊಟ್ಟ ಬೆಲೆಯೂ ಬರುವುದಿಲ್ಲ.

ಮಾರ್ಗಸೂಚಿ ದರ ಬೇರೆಯೇ ವಸ್ತು. ಅದು ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಸರ್ಕಾರ ಮುದ್ರಾಂಕ ಶುಲ್ಕ ವಸೂಲಿಗೆ ನಿಗದಿ ಮಾಡುವ ದರ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಬಂದವು. ಕೆಲವು ಕಡೆ ಅದು ಮಾರುಕಟ್ಟೆಗಿಂತ ತುಂಬಾ ಕೆಳಗಿದೆ, ಕೆಲವು ಕಡೆ ಮೇಲೆಯೂ ಇದೆ. ವರದಿಯಲ್ಲಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ಕೊಡಿ. ನಿಮ್ಮ ಮೊತ್ತಕ್ಕೂ ಅದಕ್ಕೂ ದೊಡ್ಡ ಅಂತರವಿದ್ದರೆ ಕಾರಣ ಬರೆಯಿರಿ.

ಬ್ಯಾಂಕುಗಳು ಕೇಳುವ ‘ವಸೂಲಾಗಬಹುದಾದ ಮೌಲ್ಯ’ ಮತ್ತು ‘ತುರ್ತು ಮಾರಾಟ ಮೌಲ್ಯ’ಗಳಿಗೆ ಕಣ್ಣುಮುಚ್ಚಿ ಮಾರುಕಟ್ಟೆ ಮೌಲ್ಯದ ಶೇ 90, ಶೇ 80 ಹಾಕುವ ರೂಢಿ ಬೆಳೆದಿದೆ. ಬಡಾವಣೆಯ ನಡುವಿನ 30×40 ಅಡಿಯ ಸೈಟು ತಿಂಗಳಲ್ಲಿ ಮಾರಾಟವಾದೀತು. ಊರ ಹೊರಗಿನ ಕಲ್ಯಾಣ ಮಂಟಪಕ್ಕೆ ಎರಡು ವರ್ಷವಾದರೂ ಗಿರಾಕಿ ಸಿಗಲಿಕ್ಕಿಲ್ಲ. ಎರಡಕ್ಕೂ ಒಂದೇ ಶೇಕಡಾವಾರು ಹೇಗೆ ಸರಿಹೋದೀತು? ಎಷ್ಟು ದಿನದಲ್ಲಿ ಮಾರಬೇಕೆಂಬ ಊಹೆಯನ್ನು ಬರೆದು, ಆಮೇಲೆ ಕಡಿತ ಮಾಡಿ.

ದಿನಾಂಕದ ವಿಚಾರದಲ್ಲಿ ತಪ್ಪು ಹೆಚ್ಚು. ನೇಮಕದ ದಿನ, ಮೌಲ್ಯಮಾಪನದ ದಿನ, ವರದಿಯ ದಿನ ಮೂರನ್ನೂ ಬೇರೆ ಬೇರೆ ನಮೂದಿಸಬೇಕು. ಹಳೆಯ ಆಸ್ತಿ ಮಾರಿದಾಗ ಬಂಡವಾಳ ಲಾಭದ ತೆರಿಗೆಗೆ 2001ರ ಏಪ್ರಿಲ್ 1ರ ಮೌಲ್ಯ ಬೇಕಾಗುತ್ತದೆ. ಇವತ್ತಿನ ದರವನ್ನು ಬೆಲೆಯೇರಿಕೆಯ ಸೂಚ್ಯಂಕದಿಂದ ಭಾಗಿಸಿ ಹಿಂದಕ್ಕೆ ಹೋಗುವುದು ಸರಿಯಾದ ದಾರಿಯಲ್ಲ. 2000-01ರ ಸುತ್ತಮುತ್ತಲಿನ ಕ್ರಯಪತ್ರಗಳನ್ನೂ ಆಗಿನ ಮಾರ್ಗಸೂಚಿ ದರವನ್ನೂ ಹುಡುಕಿ. ಆ ದಿನ ಮುದ್ರಾಂಕ ಶುಲ್ಕಕ್ಕೆ ಹಿಡಿಯುತ್ತಿದ್ದ ಮೌಲ್ಯ ಲಭ್ಯವಿದ್ದರೆ, ಜಮೀನು-ಕಟ್ಟಡದ ವಿಚಾರದಲ್ಲಿ ನೀವು ಹಾಕುವ ಮೌಲ್ಯ ಅದನ್ನು ಮೀರುವಂತಿಲ್ಲ.

ಹಕ್ಕನ್ನು ಓದುವುದು

ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಖಾತಾ, ತೆರಿಗೆ ರಸೀದಿ, ಋಣಭಾರ ಪತ್ರ (ಇಸಿ), ಮಂಜೂರಾದ ನಕ್ಷೆ. ಇಷ್ಟನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲು ಷೆಡ್ಯೂಲ್ (ಪತ್ರದಲ್ಲಿ ಆಸ್ತಿಯನ್ನು ವಿವರಿಸುವ ಭಾಗ) ಓದಿ. ಸರ್ವೆ ನಂಬರ್, ಸೈಟ್ ನಂಬರ್, ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಪತ್ರಗಳಲ್ಲೂ ಒಂದೇ ಇದೆಯೇ? ‘ಪೂರ್ವಕ್ಕೆ ರಸ್ತೆ’ ಎಂದು ಕ್ರಯಪತ್ರದಲ್ಲಿದ್ದು, ಸ್ಥಳದಲ್ಲಿ ಪೂರ್ವಕ್ಕೆ ಬೇರೆಯವರ ಗೋಡೆ ಇದ್ದರೆ ನೀವು ನಿಂತಿರುವುದು ಬೇರೆ ಸೈಟಿನಲ್ಲಿರಬಹುದು. ಖಾಲಿ ಸೈಟುಗಳಲ್ಲಿ ಇದು ನಿಜವಾಗಿಯೂ ಆಗುತ್ತದೆ. ಅಕ್ಕಪಕ್ಕದ ಮನೆಯವರನ್ನು ಕೇಳಿ, ಬಡಾವಣೆ ನಕ್ಷೆಯಲ್ಲಿ ಮೂಲೆಯಿಂದ ಸೈಟುಗಳನ್ನು ಎಣಿಸಿಕೊಂಡು ಬನ್ನಿ.

ಋಣಭಾರ ಪತ್ರದಲ್ಲಿ ನಮೂನೆ 15 ಬಂದರೆ ವ್ಯವಹಾರಗಳಿವೆ ಎಂದರ್ಥ, ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದದ್ದು ಏನೂ ಇಲ್ಲ. ‘ಏನೂ ಇಲ್ಲ’ ಎಂಬುದು ನೋಂದಣಿಗೆ ಮಾತ್ರ ಸೀಮಿತ. ನೋಂದಣಿಯಾಗದ ಭೋಗ್ಯದ ಕರಾರು, ಬಾಯಿಮಾತಿನ ವಿಭಾಗ, ಕೋರ್ಟಿನ ದಾವೆ ಇವು ಅದರಲ್ಲಿ ಕಾಣುವುದಿಲ್ಲ. ಖಾತಾ ತೆರಿಗೆ ಕಟ್ಟುವವರ ದಾಖಲೆ, ಮಾಲೀಕತ್ವದ ಪತ್ರವಲ್ಲ. ಎ ಖಾತಾ (ಮಂಜೂರಾತಿ ಕ್ರಮಬದ್ಧವಾಗಿರುವ ಆಸ್ತಿ), ಬಿ ಖಾತಾ (ಕ್ರಮಬದ್ಧವಲ್ಲದ, ತೆರಿಗೆಗಷ್ಟೇ ನಮೂದಾದ ಆಸ್ತಿ) ಎಂಬ ವ್ಯತ್ಯಾಸ ಮಾತ್ರ ಬೆಲೆಯನ್ನು ನೇರವಾಗಿ ಮುಟ್ಟುತ್ತದೆ. ಬಿ ಖಾತಾ ಸೈಟಿಗೆ ನಕ್ಷೆ ಮಂಜೂರಾತಿಯೂ ಸಾಲವೂ ಕಷ್ಟ, ಹಾಗಾಗಿ ಕೊಳ್ಳುವವರು ಕಡಿಮೆ.

ಪೂರ್ಣ ಮಾಲೀಕತ್ವವಲ್ಲದ ಹಕ್ಕುಗಳು ಇನ್ನೂ ಸೂಕ್ಷ್ಮ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆಯಲ್ಲಿ ಮೊದಲು ಬರುವುದು ಗುತ್ತಿಗೆ-ಮಾರಾಟ ಕರಾರು, ಶುದ್ಧ ಕ್ರಯಪತ್ರ ಆಮೇಲೆ. ಕ್ರಯಪತ್ರ ಬರುವ ಮುನ್ನ ನೀವು ಬೆಲೆ ಕಟ್ಟುವುದು ಹಂಚಿಕೆದಾರರ ಹಕ್ಕಿಗೆ. ಕೂಡುಕುಟುಂಬದ ಆಸ್ತಿಯಲ್ಲಿ ಬೇರೆಯಾಗದ ನಾಲ್ಕನೇ ಒಂದು ಪಾಲಿಗೆ ಒಟ್ಟು ಬೆಲೆಯ ನಾಲ್ಕನೇ ಒಂದು ಸಿಗುವುದಿಲ್ಲ. ಕೊಳ್ಳುವವರು ವಿಭಾಗದ ದಾವೆಯನ್ನೂ ಜೊತೆಗೇ ಕೊಳ್ಳಬೇಕಲ್ಲ. ದಾನಪತ್ರದಲ್ಲಿ ‘ತಾಯಿ ಜೀವಿತಾವಧಿಯವರೆಗೆ ನೆಲಮಹಡಿಯಲ್ಲಿ ವಾಸಿಸತಕ್ಕದ್ದು’ ಎಂಬ ಒಂದು ಸಾಲು ಎಂಟನೇ ಪುಟದಲ್ಲಿ ಅಡಗಿ ಕುಳಿತಿರುತ್ತದೆ. ಪತ್ರವನ್ನು ಕೊನೆಯವರೆಗೆ ಓದಬೇಕಾದ್ದು ಇದಕ್ಕೇ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಪರಿಶಿಷ್ಟ ಜಾತಿ-ಪಂಗಡಗಳ ಜಮೀನು ವರ್ಗಾವಣೆ ನಿಷೇಧದ 1978ರ ಕಾಯ್ದೆ ಅನ್ವಯಿಸುತ್ತದೆಯೇ ನೋಡಿ. 2023ರ ತಿದ್ದುಪಡಿಯ ನಂತರ, ಜಮೀನು ಮರಳಿ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಯ್ದೆಯಲ್ಲಿ ಕಾಲಮಿತಿಯ ಅಡ್ಡಿ ಇಲ್ಲ.

ಇವನ್ನೆಲ್ಲ ತೀರ್ಮಾನಿಸುವುದು ವಕೀಲರ ಕೆಲಸ. ನಿಮ್ಮ ಕೆಲಸ ಕಂಡದ್ದನ್ನು ಬರೆಯುವುದು, ಯಾವ ಹಕ್ಕು ಇದೆ ಎಂದು ಊಹಿಸಿಕೊಂಡು ಬೆಲೆ ಕಟ್ಟಿದ್ದೀರಿ ಎಂದು ಸ್ಪಷ್ಟವಾಗಿ ಹೇಳುವುದು.

ಸ್ಥಳದಲ್ಲಿ ಅಳತೆ

ನಾಲ್ಕೂ ಬದಿ ಅಳೆದು ಸುಮ್ಮನಾಗಬೇಡಿ, ಒಂದು ಕರ್ಣವನ್ನೂ ಅಳೆಯಿರಿ. ನಾಲ್ಕು ಬದಿ ಸರಿಯಿದ್ದೂ ಸೈಟು ಓರೆಯಾಗಿದ್ದರೆ ವಿಸ್ತೀರ್ಣ ಕಡಿಮೆಯಾಗುತ್ತದೆ. ಪತ್ರದ ಅಳತೆ, ನಕ್ಷೆಯ ಅಳತೆ, ಸ್ಥಳದ ಅಳತೆ ಮೂರರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳುವುದು ಸುರಕ್ಷಿತ.

ಎಲ್ಲರೂ ‘ತರ್ಟಿ-ಫಾರ್ಟಿ’ ಎನ್ನುವ ಸೈಟುಗಳಲ್ಲಿ ಬಹಳಷ್ಟು ವಾಸ್ತವವಾಗಿ 9 ಮೀಟರ್ × 12 ಮೀಟರ್. ಅಂದರೆ 108 ಚದರ ಮೀಟರ್. ಒಂದು ಚದರ ಮೀಟರಿಗೆ 10.764 ಚದರಡಿಯಂತೆ ಸುಮಾರು 1,162 ಚದರಡಿ. ರೂಢಿಯ 1,200 ಹಾಕಿದರೆ 38 ಚದರಡಿ ಗಾಳಿಯಲ್ಲಿ ಸೇರಿತು. ಚದರಡಿಗೆ 7,350 ರೂಪಾಯಿಯಂತೆ ಅದು 2,79,300 ರೂಪಾಯಿ.

ಕಟ್ಟಡದಲ್ಲಿ ಪ್ರತಿ ಮಹಡಿಯನ್ನೂ ಹೊರಗೋಡೆಯಿಂದ ಹೊರಗೋಡೆಗೆ ಅಳೆದು ಮಂಜೂರಾದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ನಕ್ಷೆಯಲ್ಲಿ ಎರಡು ಮಹಡಿ, ಸ್ಥಳದಲ್ಲಿ ನಾಲ್ಕು ಇದ್ದರೆ ಮೇಲಿನ ಎರಡರ ವೆಚ್ಚವನ್ನು ಮೊತ್ತಕ್ಕೆ ಸೇರಿಸದೆ ಬೇರೆಯಾಗಿ ತೋರಿಸಿ. ಸುಟ್ಟ ಇಟ್ಟಿಗೆಯಲ್ಲೇ ಕಟ್ಟಿದ್ದರೂ ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಸ್ವಾಧೀನ ಪ್ರಮಾಣಪತ್ರ (ಕಟ್ಟಡ ವಾಸಕ್ಕೆ ಯೋಗ್ಯ ಎಂದು ಸ್ಥಳೀಯ ಸಂಸ್ಥೆ ಕೊಡುವ ಒಸಿ) ಇದೆಯೇ ಎಂದು ಕೇಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡುವ ಮುನ್ನ ಇದನ್ನು ಪರಿಶೀಲಿಸಬೇಕೆಂದು ಹೇಳಿದೆ.

ನೀರಿನ ಸಂಪರ್ಕ, ಒಳಚರಂಡಿ, ರಸ್ತೆಯ ನಿಜವಾದ ಅಗಲ, ಮೇಲೆ ಹಾದುಹೋದ ಹೈಟೆನ್ಷನ್ ತಂತಿ, ಪಕ್ಕದ ರಾಜಕಾಲುವೆ ಇವನ್ನು ಅಲ್ಲೇ ಬರೆದುಕೊಳ್ಳಿ. ರಾಜಕಾಲುವೆಯ ಮೀಸಲು ಅಂತರದೊಳಗೆ ಬಿದ್ದ ಜಾಗಕ್ಕೆ ಪಕ್ಕದ ಸೈಟಿನ ದರ ಹಾಕುವಂತಿಲ್ಲ.

ದರ ಕಟ್ಟುವುದು: ಒಂದು ಲೆಕ್ಕ

ಮುಂದಿನ ಅಂಕಿಗಳು ವಿಧಾನ ತೋರಿಸಲು ಹಾಕಿದವು, ಯಾವ ಬಡಾವಣೆಯ ದರವೂ ಅಲ್ಲ. ಆಸ್ತಿ: 1,162 ಚದರಡಿಯ ಎ ಖಾತಾ ಸೈಟು, 30 ಅಡಿ ರಸ್ತೆ, ನಡು ಸೈಟು. 18 ವರ್ಷ ಹಳೆಯ ಮನೆ, ನೆಲಮಹಡಿ 800, ಮೊದಲ ಮಹಡಿ 800 ಚದರಡಿ.

ಸುತ್ತಮುತ್ತ ನಾಲ್ಕು ಮಾರಾಟ ಸಿಕ್ಕಿವೆ.

ಒಂದು, ಪಕ್ಕದ ಕ್ರಾಸಿನ ಖಾಲಿ ಸೈಟು, ಮೂರು ತಿಂಗಳ ಹಿಂದೆ ಚದರಡಿಗೆ 7,200ಕ್ಕೆ ಹೋಗಿದೆ. ಮಾರುಕಟ್ಟೆ ವರ್ಷಕ್ಕೆ ಶೇ 6ರಂತೆ ಏರುತ್ತಿದ್ದರೆ ಶೇ 1.5 ಸೇರಿಸಿ 7,308.

ಎರಡು, 40 ಅಡಿ ರಸ್ತೆಯ ಮೂಲೆ ಸೈಟು, ಕಳೆದ ತಿಂಗಳು 8,600. ಮೂಲೆಗೆ ಶೇ 10, ರಸ್ತೆಗೆ ಶೇ 5 ಕಳೆದರೆ 7,310.

ಮೂರು, ಹಳೆಯ ಮನೆಯ ಸಮೇತ 1.05 ಕೋಟಿಗೆ ಹೋದ ಅಷ್ಟೇ ಅಳತೆಯ ಸೈಟು. ಮನೆಯ ಉಳಿದ ಬೆಲೆ ಸುಮಾರು 18 ಲಕ್ಷ ಎಂದು ಕಳೆದರೆ ಭೂಮಿಗೆ 87 ಲಕ್ಷ, ಚದರಡಿಗೆ 7,487.

ನಾಲ್ಕು, ಕಾಂಪೌಂಡಿನ ಆಚೆಯ ರೆವಿನ್ಯೂ (ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ) ಬಡಾವಣೆಯ ಬಿ ಖಾತಾ ಸೈಟು, 5,500.

ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದರೆ 6,901. ನಾಲ್ಕನೆಯದನ್ನು ಬಿಟ್ಟರೆ 7,368. ಚದರಡಿಗೆ 467 ರೂಪಾಯಿ ವ್ಯತ್ಯಾಸ, ಇಡೀ ಸೈಟಿಗೆ 5.4 ಲಕ್ಷ. ಜಾಗ ಇನ್ನೂರು ಅಡಿ ದೂರದಲ್ಲಿದ್ದರೂ ಅಲ್ಲಿ ಮಾರಾಟವಾದ ಹಕ್ಕು ಬೇರೆ, ಹಾಗಾಗಿ ಅದು ಹೋಲಿಕೆಗೆ ನಿಲ್ಲುವುದಿಲ್ಲ. ವರದಿಯಲ್ಲಿ ಅದನ್ನು ಮುಚ್ಚಿಡಬೇಡಿ. ಸಿಕ್ಕಿತ್ತು, ಈ ಕಾರಣಕ್ಕೆ ಬಿಟ್ಟಿದ್ದೇವೆ ಎಂದು ಬರೆಯಿರಿ. ಮೂರನೆಯದರಲ್ಲಿ ಮನೆಯ ಬೆಲೆಯ ಊಹೆ ಬೆರೆತಿದೆ, ಆದ್ದರಿಂದ ಮೊದಲೆರಡಕ್ಕೆ ಹೆಚ್ಚು ತೂಕ ಕೊಟ್ಟು 7,350 ಹಿಡಿಯೋಣ. ಭೂಮಿ 85,40,700.

ಕ್ರಯಪತ್ರದ ಮೊತ್ತವನ್ನೇ ನಂಬಿದರೆ ಮೋಸಹೋಗುತ್ತೀರಿ. ಎಷ್ಟೋ ಪತ್ರಗಳಲ್ಲಿ ಮಾರ್ಗಸೂಚಿ ದರವನ್ನಷ್ಟೇ ಬರೆಸಿರುತ್ತಾರೆ. ಜಾಹೀರಾತಿನ ಬೆಲೆ ಅದಕ್ಕೆ ವಿರುದ್ಧ, ಚೌಕಾಸಿಗೆ ಜಾಗ ಬಿಟ್ಟು ಏರಿಸಿದ್ದು. ಕೊಂಡವರು, ಮಾರಿದವರು, ಕನಿಷ್ಠ ಇಬ್ಬರು ಮಧ್ಯವರ್ತಿಗಳು ಇವರೊಂದಿಗೆ ಮಾತಾಡಿ, ಯಾರು ಯಾವಾಗ ಹೇಳಿದರೆಂದು ಟಿಪ್ಪಣಿ ಇಟ್ಟುಕೊಳ್ಳಿ. ಕೆಲಸದ ಕಾಗದಗಳನ್ನು ಕನಿಷ್ಠ ಮೂರು ವರ್ಷ ಕಾಯ್ದಿಡಬೇಕೆಂದು ನೀತಿ ಸಂಹಿತೆ ಹೇಳುತ್ತದೆ. ಕೋರ್ಟಿನಲ್ಲಿ ದಾವೆ ಇರುವ ಆಸ್ತಿಯಾದರೆ ಅದಕ್ಕಿಂತ ಹೆಚ್ಚು ಕಾಲ ಇಡುವುದು ಒಳ್ಳೆಯದು.

ಇನ್ನು ಕಟ್ಟಡ. ಇವತ್ತು ಅಂಥದೇ ಮನೆ ಕಟ್ಟಲು ಚದರಡಿಗೆ 2,200 ಎಂದಿಟ್ಟುಕೊಳ್ಳಿ. 1,600 ಚದರಡಿಗೆ 35,20,000. ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಅವಶೇಷ ಮೌಲ್ಯ ಶೇ 10. ಹಾಗಾದರೆ ಸವಕಳಿ 90 × 18 ÷ 60, ಅಂದರೆ ಶೇ 27. ಕಳೆಯಬೇಕಾದ್ದು 9,50,400, ಉಳಿದದ್ದು 25,69,600. ಛಾವಣಿಯ ಕೆಳಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ ಈ ಶೇ 27 ಸಾಲದು. ವಯಸ್ಸಿನ ಲೆಕ್ಕದ ಮೇಲೆ ದುರಸ್ತಿಯ ಖರ್ಚನ್ನೂ ಕಳೆಯಿರಿ.

ಒಟ್ಟು 1,11,10,300. ವರದಿಯಲ್ಲಿ 1.11 ಕೋಟಿ ಎಂದು ದುಂಡು ಮಾಡಿ. ಕೊನೆಯ ರೂಪಾಯಿವರೆಗೆ ಬರೆದರೆ ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದ ಹಾಗಾಗುತ್ತದೆ.

ಬಾಡಿಗೆಯಿಂದ ತಾಳೆ ನೋಡಿ. ಎರಡು ಮಹಡಿಗೂ ಸೇರಿ ತಿಂಗಳಿಗೆ 28,000 ಬಂದರೆ ವರ್ಷಕ್ಕೆ 3,36,000, ಅಂದರೆ ಮೌಲ್ಯದ ಶೇ 3ರಷ್ಟು. ವಾಸದ ಮನೆಗೆ ಇದು ಒಪ್ಪುವಂಥದು. ಹೊಸಬರು ಬ್ಯಾಂಕಿನ ಶೇ 8 ಬಡ್ಡಿಯಿಂದ ಭಾಗಿಸಿ 42 ಲಕ್ಷ ಎಂದು ಬರೆದುಬಿಡುತ್ತಾರೆ. ಮನೆ ಕೊಳ್ಳುವವರು ಬಾಡಿಗೆಯ ಜೊತೆ ಭೂಮಿಯ ಬೆಲೆ ಏರುವುದನ್ನೂ ನೆಚ್ಚಿ ಹಣ ಕೊಡುತ್ತಾರೆ, ಆದ್ದರಿಂದ ದರವನ್ನು ಮಾರುಕಟ್ಟೆಯ ಬಾಡಿಗೆ-ಬೆಲೆ ಜೋಡಿಗಳಿಂದಲೇ ತೆಗೆಯಬೇಕು.

ಭೋಗ್ಯ ಇದ್ದರೆ

ಇದೇ ಮನೆಯ ಮೊದಲ ಮಹಡಿಯನ್ನು 8 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟಿದ್ದಾರೆ ಎನ್ನಿ. ಕೊಳ್ಳುವವರು ಅವಧಿ ಮುಗಿದಾಗ ಆ 8 ಲಕ್ಷವನ್ನು ಹಿಂದಿರುಗಿಸಬೇಕು. ಖಾಲಿ ಸ್ವಾಧೀನದ ಮೌಲ್ಯ 1.11 ಕೋಟಿ, ಇದ್ದ ಹಾಗೆ ಕೊಂಡರೆ 1.03 ಕೋಟಿ. ಬಾಡಿಗೆ ಬಾರದ ನಷ್ಟ ಎಂದು ಮತ್ತೊಮ್ಮೆ ಕಳೆಯಬೇಡಿ. ಬೆಲೆಯಲ್ಲಿ ಹಿಡಿದಿಟ್ಟುಕೊಂಡ 8 ಲಕ್ಷ ಅಷ್ಟು ದಿನ ಕೊಂಡವರ ಬಳಿಯೇ ಇರುತ್ತದೆ, ಅದರ ಬಡ್ಡಿಯೇ ಬಾಡಿಗೆಯ ಜಾಗದಲ್ಲಿ ನಿಲ್ಲುತ್ತದೆ. ವರದಿಯಲ್ಲಿ ಎರಡೂ ಮೊತ್ತ ಇರಲಿ.

ಫ್ಲ್ಯಾಟು ಮತ್ತು ಜಮೀನು

ಫ್ಲ್ಯಾಟಿಗೆ ಹೋಲಿಕೆಯ ವಿಧಾನವೇ ಸರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಾರ್ಪೆಟ್ ಏರಿಯಾದಲ್ಲಿ ಒಳಗಿನ ಅಡ್ಡಗೋಡೆ ಸೇರುತ್ತದೆ, ಹೊರಗೋಡೆ, ಡಕ್ಟು, ಬಾಲ್ಕನಿ ಸೇರುವುದಿಲ್ಲ. ಒಂದರಲ್ಲಿ ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ದರ, ಇನ್ನೊಂದರಲ್ಲಿ ಕಾರ್ಪೆಟ್ ದರ ಬೆರೆಸಿ ಹೋಲಿಸುವುದು ಸಾಮಾನ್ಯ ತಪ್ಪು. ಭೂಮಿಯ ಅವಿಭಾಜ್ಯ ಪಾಲು ಎಷ್ಟೆಂದು ಕ್ರಯಪತ್ರದಿಂದ ತೆಗೆದು ಬರೆಯಿರಿ. ಕಟ್ಟಡ ಹಳತಾದಷ್ಟೂ ಬೆಲೆ ನಿಲ್ಲುವುದು ಆ ಪಾಲಿನ ಮೇಲೆ.

ಜಮೀನಿಗೆ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು (ಸಾಗುವಳಿಗೆ ಬಾರದ ಜಾಗ) ನೋಡಿ. 2 ಎಕರೆ 10 ಗುಂಟೆ ಎಂದರೆ 90 ಗುಂಟೆ. ಅದರಲ್ಲಿ ಹಳ್ಳಕ್ಕೋ ದಾರಿಗೋ ಬಿಟ್ಟ ಬಿ ಖರಾಬು 6 ಗುಂಟೆ ಇದ್ದರೆ ಬೆಲೆ ಕಟ್ಟಬೇಕಾದ್ದು 84ಕ್ಕೆ. ಎ ಖರಾಬು ಬೇಸಾಯಕ್ಕೆ ಬಾರದಿದ್ದರೂ ಮಾಲೀಕರ ಹಿಡುವಳಿಯಲ್ಲೇ ಇರುತ್ತದೆ, ಕಡಿಮೆ ದರದಲ್ಲಿ ಸೇರಿಸಬಹುದು. ಪೋಡಿ (ಸರ್ವೆ ಮಾಡಿ ಒಬ್ಬೊಬ್ಬರ ಭಾಗ ಬೇರ್ಪಡಿಸುವುದು) ಆಗದೆ ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನರ ಹೆಸರಿದ್ದರೆ ಯಾರ ಜಾಗ ಎಲ್ಲಿ ಎಂಬುದೇ ಇತ್ಯರ್ಥವಾಗಿಲ್ಲ. ರಸ್ತೆ ಬದಿಯ ದರ ಹಾಕುವ ಮುನ್ನ ಸರ್ವೆ ನಕ್ಷೆ ಕೇಳಿ. ಭೂ ಪರಿವರ್ತನೆ ಆಗದ ಜಮೀನಿಗೆ ಚದರಡಿ ದರ ಹಾಕುವಂತಿಲ್ಲ. ಇನ್ನು ಅಡಿಕೆ ತೋಟದ ದರದಲ್ಲಿ ಎಕರೆಗೆ ಬೆಲೆ ಕಟ್ಟಿ, ಮೇಲೆ ಮರಕ್ಕಿಷ್ಟು ಎಂದು ಮತ್ತೆ ಸೇರಿಸಿದರೆ ಅದೇ ಮರವನ್ನು ಎರಡು ಸಲ ಮಾರಿದ ಹಾಗೆ.

ವರದಿಯಲ್ಲಿ ಇರಬೇಕಾದ್ದು

2017ರ ನಿಯಮಗಳು ವರದಿಯ ಅಂಗಗಳನ್ನು ಹೆಸರಿಸಿವೆ: ಆಸ್ತಿಯ ಹಿನ್ನೆಲೆ, ಉದ್ದೇಶ ಮತ್ತು ನೇಮಿಸಿದವರು, ಮೌಲ್ಯಮಾಪಕರು ಮತ್ತು ನೆರವಾದ ಬೇರೆ ತಜ್ಞರು, ಹಿತಾಸಕ್ತಿಯ ಘೋಷಣೆ, ಮೂರು ದಿನಾಂಕಗಳು, ಮಾಡಿದ ಪರಿಶೀಲನೆ, ಮಾಹಿತಿಯ ಮೂಲ, ಅನುಸರಿಸಿದ ವಿಧಾನ ಮತ್ತು ಮಾನದಂಡ, ಬಳಕೆಯ ನಿರ್ಬಂಧ, ಪ್ರಭಾವ ಬೀರಿದ ಮುಖ್ಯ ಅಂಶಗಳು, ತೀರ್ಮಾನ, ಮಿತಿಗಳು. ಮಿತಿಗಳ ಹೆಸರಿನಲ್ಲಿ ಎರಡು ಪುಟ ಸಣ್ಣಕ್ಷರ ತುಂಬಿ ಜವಾಬ್ದಾರಿಯಿಂದ ಜಾರಿಕೊಳ್ಳಲು ನಿಯಮವೇ ಬಿಡುವುದಿಲ್ಲ. ‘ಅಳತೆಗೆ ನಾವು ಹೊಣೆಯಲ್ಲ’ ಎಂದು ಅಳತೆ ಮಾಡಿದವರೇ ಬರೆಯುವಂತಿಲ್ಲ. ‘ಮೊದಲ ಮಹಡಿಗೆ ಬೀಗ ಹಾಕಿತ್ತು, ಒಳಗೆ ನೋಡಲಾಗಲಿಲ್ಲ, ನೆಲಮಹಡಿಯಂತೆಯೇ ಇದೆ ಎಂದು ಊಹಿಸಿದೆ’ ಎಂದು ಬರೆಯುವುದು ನ್ಯಾಯವಾದ ಮಿತಿ.

ಸಹಿ ಹಾಕುವ ಮುನ್ನ ಷೆಡ್ಯೂಲನ್ನು ಕ್ರಯಪತ್ರದ ಪಕ್ಕದಲ್ಲಿಟ್ಟು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಹಳೆಯ ವರದಿಯ ಫೈಲನ್ನೇ ತಿದ್ದಿ ಹೊಸದು ಮಾಡುವಾಗ ಹಿಂದಿನ ಆಸ್ತಿಯ ಚಕ್ಕುಬಂದಿ ಹಾಗೇ ಉಳಿದುಬಿಡುವುದು ಬಹಳ ಸಲ ಆಗುತ್ತದೆ. ಆಗ ಮೊತ್ತ ನಿಮ್ಮ ಆಸ್ತಿಯದು, ಗಡಿ ಬೇರೆ ಯಾರದೋ.